ಎಡದಂಡೆ

ಮುದ್ದೆಯ ಬಲಗಡೆ ಮಾತ್ರ ಮುರಿದು ಉಂಡು
ತಟ್ಟೆ ಖಾಲಿ ಅನ್ನುತ್ತಾರೆ ಇವರು.
ಎಡಕ್ಕೆ ಅರ್ಧ ಮುದ್ದೆ
ಉಪ್ಪೆಸರಿನಲ್ಲಿ ಆರುತ್ತ ಕೂತಿದೆ.
ನಾನು ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತೇನೆ.
"ಅರೆ, ಯಾವಾಗ ಬಡಿಸಿದೆ?"

ಮೂವತ್ತೊಂದು ವರ್ಷ ನಾಲೆಯ ನೀರುಗಂಟಿ.
ಯಾರ ಗದ್ದೆಗೆ ಯಾವ ಜಾವ, ಎಷ್ಟು ಗೇಣು
ಚೀಟಿಯಿಲ್ಲದೆ ಹೇಳುತ್ತಿದ್ದ ತಲೆ.
ಆ ತಲೆಯೊಳಗೇ ಒಂದು ತೂಬು ಕಟ್ಟಿಕೊಂಡಿತು
ಆಷಾಢದ ಬೆಳಗ್ಗೆ, ಬೇವಿನಕಡ್ಡಿ ಬಾಯಲ್ಲಿದ್ದ ಹಾಗೇ.

"ಮರಿಕಾಳಯ್ಯನ ಕಡೆಯವರು ಯಾರು?"
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಕೈಯೆತ್ತಿದೆ,
ಇಸ್ಕೂಲಿನಲ್ಲೂ ಎತ್ತಿದವಳಲ್ಲ.
ಡಾಕ್ಟರಮ್ಮ ಚಿಕ್ಕವಳು, ನಿದ್ದೆಗೆಟ್ಟ ಕಣ್ಣು.
ಔಷಧಿ ಬಿಲ್ಲಿನ ಬೆನ್ನಿಗೆ ಮಿದುಳು ಬರೆದಳು.
ನನಗದು ಹೂಕೋಸು.
ಒಳಗೆಳೆದ ಗೆರೆಗಳು ಮಾತ್ರ ಗುರುತು ಸಿಕ್ಕವು:
ದೊಡ್ಡ ನಾಲೆ, ಉಪನಾಲೆ, ಕಿರುಗಾಲುವೆ,
ಕಟ್ಟಕಡೆಯ ಗದ್ದೆ.
"ಇಲ್ಲಿ ರಕ್ತ ಹೆಪ್ಪುಗಟ್ಟಿದೆ. ಇದರಾಚೆ ಹೋಗ್ತಿಲ್ಲ."
ನೀರುಗಂಟಿಯ ಹೆಂಡತಿಗೆ
ಅಷ್ಟು ಸಾಕಾಯಿತು.

ಪಕ್ಕದ ಮಂಚದ ಜಯಶೀಲಳದು ಬೇರೆ.
ಗಾರ್ಮೆಂಟ್ಸಿನವಳು, ಮದ್ದೂರಿನ ಕಡೆ, ಮೂವತ್ತೆಂಟು.
ತಲೆ ಸಿಡೀತದೆ ಅಂದವಳು
ಹೊಲಿಗೆ ಮಿಷನ್ನಿನ ಮೇಲೇ ಬಿದ್ದಳಂತೆ.
ಕಟ್ಟಿದ್ದಲ್ಲ ಅವಳದು, ಒಡೆದದ್ದು.
ನಡುರಾತ್ರಿ ಏರಿ ಕಿತ್ತು
ನೀರು ಬೇಡದ ಕಡೆಯೆಲ್ಲ ನುಗ್ಗಿದ ಹಾಗೆ.
ಹೊರಗಿನಿಂದ ಇಬ್ಬರೂ ಒಂದೇ:
ಜೋತ ಕೈ, ವಾಲಿದ ಬಾಯಿ, ತೊದಲು.
ಆದರೆ ಇವರಿಗೆ ಕೊಡುವ ರಕ್ತ ತಿಳಿಯಾಗಿಸುವ ಮಾತ್ರೆ
ಅವಳಿಗೆ ವಿಷ.
"ಅದಕ್ಕೇ ಮೊದಲು ಸ್ಕ್ಯಾನು."

ನಾವು ಮೊದಲು ಮಾಡಿದ್ದು ಬೇರೆ.
ಲಕ್ವ ಅಂದರು ಯಾರೋ, ಪಾರಿವಾಳ ತಂದರು ಇನ್ಯಾರೋ.
ಬಿಸಿ ನೆತ್ತರು ಎಡಗೈಗೆ ತಿಕ್ಕುತ್ತ ತಿಕ್ಕುತ್ತ
ಸೂರ್ಯ ನೆತ್ತಿಗೆ ಬಂದ.
ನಾಲ್ಕೂವರೆ ಗಂಟೆಯೊಳಗಾದರೆ ಒಂದು ಸೂಜಿ ಇತ್ತಂತೆ.
ನಾವು ಹತ್ತಿದ್ದು ಮೂರು ಗಂಟೆಯ ಬಸ್ಸು.
ಪಾರಿವಾಳದ ಪುಕ್ಕ ಒಂದು
ಇವರ ಅಂಗಿಗೆ ಅಂಟಿಕೊಂಡೇ ಆಸ್ಪತ್ರೆಗೆ ಬಂತು.

ಬೀಡಿ? ದಿನಕ್ಕೊಂದು ಕಟ್ಟು.
ಬಿಪಿ ಮಾತ್ರೆ? ಯುಗಾದಿಗೆ ಬಿಟ್ಟರು,
"ಆರಾಮಾಗಿದೀನಲ್ಲ" ಅಂತ.
ತುಂಬಿದ ನಾಲೆ ಸದ್ದು ಮಾಡಲ್ಲ ಕಣೇ,
ಸದ್ದಿಲ್ಲದ ನೀರೇ ಏರಿ ಕೊರೆಯೋದು
ಅಂತ ಹೇಳಿಕೊಟ್ಟವರೂ ಇವರೇ.
ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು:
ಬಡಿತ ತಾಳ ತಪ್ಪಿದೆ, ಗುಂಡಿಗೆಯ ಮೂಲೆಯಲ್ಲಿ
ನಿಂತ ರಕ್ತ ಹೆಪ್ಪಾಗಿ
ಅದರದೊಂದು ಚೂರು ಮೇಲಕ್ಕೆ ಹೋಗಿದೆ.
"ಒಂದೇ ಕಾರಣ ಹೇಳವ್ವ" ಅಂದೆ.
"ನಿಮ್ಮ ನಾಲೆಗೆ ಕಸ ಹಾಕಿದ್ದು ಯಾರು,
ಒಬ್ಬರ ಹೆಸರು ಹೇಳ್ತೀರಾ?"

ಅವಳಿಗೆ ಹೇಳದ್ದು ಒಂದಿದೆ.
ಹದಿನೈದು ದಿನ ಮೊದಲು, ತೂಬಿನ ಬಳಿ,
ಸನಿಕೆ ಜಾರಿತು. ಹತ್ತು ನಿಮಿಷ
ಎಡಗೈ ಯಾರದೋ ಆಗಿತ್ತು.
ಆಮೇಲೆ ತಾನೇ ಬಂತು. ನಕ್ಕರು. ನಾನು ಕಾಫಿ ಕೊಟ್ಟೆ.
ನೀರು ನಿಲ್ಲುತ್ತದೆ ಅಂತ
ತಮಟೆ ಸಾರಿ ಹೋದದ್ದು ಅದು,
ನಮ್ಮ ಬಾಗಿಲಲ್ಲೇ.
ಆ ಕಾಫಿಯ ಲೋಟ ತೊಳೆಯುವಾಗೆಲ್ಲ
ಕೈ ತಡೆಯುತ್ತದೆ.

ಈಗ ಸಂಜೆ ನಾಲೆಯ ಮೇಲೆ ನಡೆಸುತ್ತೇನೆ.
ಎಡಗಾಲು ಮಣ್ಣಿನಲ್ಲಿ ಒಂದೇ ಗೆರೆ ಎಳೆಯುತ್ತದೆ.
ನೀರು ಹರಿಯುವ ಕಡೆ ಮುಖ ಮಾಡಿ ನಿಂತರೆ
ಇವರಿಗೆ ಬಲದಂಡೆಯೊಂದೇ ಲೋಕ.
ಎಡಕ್ಕೆ ಕಬ್ಬಿಲ್ಲ, ಕೊಕ್ಕರೆಯಿಲ್ಲ, ನಾನೂ ಇಲ್ಲ,
ಬರೀ ನನ್ನ ದನಿ.
ತಟ್ಟೆಯ ಹಾಗೆ ಇವರನ್ನೂ ತಿರುಗಿಸುತ್ತೇನೆ,
ಮೆಲ್ಲಗೆ, ನೀರಿಗೆ ಎದುರಾಗಿ.

ಒಂದೊಂದೇ ಗದ್ದೆ ಬರತೊಡಗುತ್ತವೆ.
ಹಣೆ ಗಂಟಿಕ್ಕಿ ಬೆರಳು ತೋರಿಸುತ್ತಾರೆ, ಬಲಗೈಯ ಬೆರಳು:
"ಆ ಕೊನೇದು ಒಣಗಿದೆಯಲ್ಲೇ.
ಇವತ್ತು ಅದರ ಸರದಿ ಅಲ್ಲವಾ?
ಯಾರದು ಪಾಳಿ?"