ತಂಬಿಗಿಗೂ ಸಿಂಬಿ

ನಲವತ್ತು ಮಂದಿ ಉಣ್ಣೂ ಮದುವಿಗೆ
ಐದಂತಸ್ತಿನ ಕೇಕು ಬೇಕು ಅಂದಾಕಿ
ಮದುಮಗಳಲ್ಲ, ಆಕಿ ಅಜ್ಜಿ.
ತನ್ನ ಮದುವ್ಯಾಗ ಐದಿತ್ತಂತ.
ಬಾಜಾದವರೂ ಐದ ಮಂದಿ ಇದ್ದರಂತ,
ಅದಕ್ಕೂ ಇದಕ್ಕೂ ಏನು ಸಂಬಂಧೋ.

ಮಾಲಕಿನ್ ಎರ್ಮೆಲಿಂಡಾ ಬಿಲ್ಲಿನ ಹಿಂದ ಬರದರು:
ಎಂಟಿಂಚು, ಆರು, ನಾಕು, ಮೂರು, ಎರಡು.
ಎರಡಿಂಚು ಅಂದರ ಚಾದ ಗ್ಲಾಸಿನ ಅಗಲ.
ಅಷ್ಟು ಸಣ್ಣ ತಟ್ಟಿ ಇಡೀ ಮಡಗಾಂವದಾಗ ಸಿಗಲಿಲ್ಲ.
ಟೊಮೆಟೊ ಪೇಸ್ಟಿನ ಡಬ್ಬಿ ತೊಳದು, ಬೆಣ್ಣಿ ಸವರಿ
ಅದರಾಗ ಬೇಯಿಸಿದೆ.

ಹನ್ನೊಂದು ವರ್ಷಾತು ಬೋರ್ಡಾದ ಈ ಅಡಗಿಮನ್ಯಾಗ,
ಕೇಕಿನೊಳಗ ಕಂಬ ನಿಲ್ಲಸೂದು ನನ್ನ ಕೆಲಸ.
ದೊಡ್ಡ ಕೇಕಿಗೆ ಚಿಂತಿಲ್ಲ.
ಆರು ಕಟಗಿ ಇಳಿಸಿ ಮ್ಯಾಲ ಹಲಗಿ ಇಟ್ಟರ
ಅದರ ಮ್ಯಾಲ ನೀವ ಹತ್ತಿ ಕುಂದರಬಹುದು.
ಮೂರಿಂಚಿನೊಳಗ ಆರು ಕಟಗಿ ಇಳಿಸಿದರ
ಮಂದಿಗೆ ತಿನ್ನಾಕ ಕಟಗೀನ ಉಳಿಯೂದು.
ಇಳಿಸದಿದ್ದರ ಮ್ಯಾಲಿಂದು ಕೆಳಗ ಕುಸೀತೈತಿ
ಮೆಲ್ಲಕ, ಯಾರೂ ನೋಡದಾಗ,
ಕುಂತಲ್ಲೇ ತೂಕಡಸೂ ಮುದುಕನ ಗದ್ದದ ಹಂಗ.

ಮೊದಲನೇದ್ದನ್ನ ಕೆಡಿಸಿದೆ.
ತುದಿಯಿಂದ ತಳದ ತನಕ ಒಂದ ಕೋಲು ಹೊಡದೆ:
ತೆಂಗಿನಕಾಯಿ ಹಂಗ ಎರಡು ಹೋಳಾತು.
ಎರ್ಮೆಲಿಂಡಾ ಬೈಲಿಲ್ಲ. ಒಂದು ಹೋಳು ತಾವು ತಿಂದರು,
ಒಂದು ನನಗ ಕೊಟ್ಟರು.
ಜಾಯಿಕಾಯಿ ಕಡಿಮಿ ಆಗೇತಿ ಅಂದರು.

ಅಗಿಯೂ ಮುಂದ ಅವ್ವನ ನೆನಪಾತು.
ವೆರ್ಣಾದಾಗ ಕಂಪನಿ ಕಟ್ಟೂ ಕಾಲ,
ಹಗಲೆಲ್ಲಾ ಜಲ್ಲಿ ಬುಟ್ಟಿ ಹೊತ್ತು
ಸಂಜಿಗೆ ನಳದಿಂದ ಕೊಡದ ಮ್ಯಾಲ ಕೊಡ,
ಅದರ ಮ್ಯಾಲೊಂದು ತಂಬಿಗಿ.
ಹಗುರ ಐತೆಂತ ತಂಬಿಗೀನ ಬರೇ ಇಡತಿರಲಿಲ್ಲ ಆಕಿ.
ಹರಕ ಸೀರಿಯ ಅಂಚು ಎರಡ ಬೆರಳಿಗೆ ಸುತ್ತಿ
ಕೂಸಿನ ಬಳಿಯಷ್ಟು ಸಿಂಬಿ ಮಾಡಿ, ಅದನ್ನಿಟ್ಟು
ಆಮ್ಯಾಲ ತಂಬಿಗಿ.
"ಭಾರ ಇದ್ದದ್ದು ತನ್ನ ಜಾಗಾ ತಾನ ಹಿಡೀತೈತಿ,
ಸಣ್ಣದ ಮೊದಲ ಜಾರತೈತಿ" ಅಂತಿದ್ದಳು.

ರಟ್ಟು ಕತ್ತರಿಸಿದೆ, ಎರಡಿಂಚಿಗೆ ಕೂದಲೆಳಿಯಷ್ಟು ಕಡಿಮಿ.
ಮೂರಿಂಚಿಂದರಾಗ ಮೂರ ಸ್ಟ್ರಾ, ಎಳನೀರು ಕುಡಿಯೂವು,
ಒಲಿಗುಂಡಿನ ಹಂಗ ಮೂರು ಮೂಲಿಗೆ.
ಒಂದು ನೂಲಿನಷ್ಟು ಉದ್ದಾತು, ತಗದೆ, ಕತ್ತರಿಸಿದೆ.
ಇನ್ನೊಂದು ಗಿಡ್ಡಾತು, ಒಗದೆ.
ಹಿಂಗ ರಾತ್ರಿ ಒಂದೂವರಿ.

ಚಾಂದೋರದ ರಸ್ತೆ ಗೊತ್ತೈತಲ್ಲ, ಬರೇ ಕುಣಿ.
ಪುಂಡಲೀಕ ವ್ಯಾನಿನಾಗ ಉಸಿರು ಬಿಗಿಹಿಡದು ಹೊಡದ.
ಕೆಳಗಿನ ಮೂರು ಹಿಂದ, ಪೆಟಗ್ಯಾಗ.
ಮ್ಯಾಲಿನ ಎರಡು ನನ್ನ ತೊಡಿ ಮ್ಯಾಲ.
ರೈಲ್ವೆ ಗೇಟಿನಾಗ ಒಬ್ಬ ಹುಡುಗ
ಕಿಟಕ್ಯಾಗ ಹಣಿಕಿ ನೋಡಿ, "ಅದು ಟೊಪಗಿ ಏನ?" ಅಂದ.

ಅಜ್ಜಿ ಕೋಲೂರಿಕೊಂಡು ಬಂದು ಎಣಿಸಿದಳು.
ಏಕ್. ದೋನ್. ತೀನ್. ಚಾರ್.
ಐದನೇದಕ್ಕ ಬಾಯಿಲೆ ಎಣಿಸದ
ಬೆರಳಿಲೆ ಮುಟ್ಟಿದಳು.
ಬಿಳೇ ಸಕ್ಕರಿ ಮ್ಯಾಲ ಒಂದು ತಗ್ಗು ಬಿತ್ತು.
ಆ ಮಗ್ಗಲು ಗ್ವಾಡಿ ಕಡೆ ತಿರುಗಿಸಿದೆ.

ಕೆಳಗಿನ ನಾಕು ಕೊಯ್ದು ಹಂಚಿದರು.
ಮ್ಯಾಲಿಂದನ್ನ ಮುಂದ ಹುಟ್ಟೂ ಕೂಸಿನ ಹೆಸರಿಗೆ
ಡಬ್ಬ್ಯಾಗ ಕಟ್ಟಿದರು, ತಗ್ಗಿನ ಸಮೇತ.

ಮನಿಗೆ ಬಂದು ಏಪ್ರನ್ ಝಾಡಿಸಿದರ
ಸ್ಟ್ರಾದ ಚೂರು ಉದುರಿದವು, ಉಗುರಿನಷ್ಟು ಉಗುರಿನಷ್ಟು.
ಅವ್ವ ಹಾಸಿಗ್ಯಾಗಿಂದ ಕೇಳಿದಳು:
"ಎಷ್ಟಂತಸ್ತು?"
ಐದವ್ವಾ.
"ತುದೀದು?"
ತಂಬಿಗಿ. ಅರ್ಧಾ ತಂಬಿಗಿ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಆಕಿ ಕೈ ತನ್ನ ಹೆಡಕಿಗೆ ಹೋತು:
"ಕುತ್ತಿಗಿ ನೋಯಲಿಲ್ಲೇನ ನಿನಗ?"