ಷರಾ ಕಾಲಂ

ಎರಡು ನಮೂನಿ ಬಂದಾವ ಟಪಾಲಿನಾಗ,
ರೈಫಲ್ಲಿನ ಮೂತಿಗೆ ತಿರುವಿ ಕೂಡಿಸಾವು.
ಒಂದು ಗೇಣುದ್ದದ ಕೊಳವಿ, ಒಳಗೆಲ್ಲ ಕೋಣಿ ಕೋಣಿ.
ಇನ್ನೊಂದು ಹೆಬ್ಬೆಟ್ಟಿನಷ್ಟು,
ಬಗಲಿಗೆ ಕಿಂಡಿ, ಮೀನಿನ ಕಿವಿರಿನಂಗ.
ಸಾಹೇಬರ ಕಾಗದ: ರೈಫಲ್ಲಿಗೆ ಒಂದೇ. ಯಾವುದು ಅಂತ
ಆರ್ಮರರ್ ಸಾಯಬಣ್ಣ ಷರಾ ಬರೀತಕ್ಕದ್ದು.
ಕಾಲಂ ಎರಡು ಬೆರಳು ಅಗಲ.

ನನ್ನ ಎಡಗಿವಿ ಕತಿ ಅದರಾಗ ಹಿಡಿಯೂದಿಲ್ಲ.

ಬಾಜೂ ಪಟ್ಟಿಯಾಗ ಬೋರಲು ಮಲಗಿದ್ದವ, ಅಂವ ಈಗಿಲ್ಲ,
ಇಂಥದೇ ಕಿಂಡಿ ಹಚ್ಚಿ ಹತ್ತು ಸುತ್ತು ಹೊಡದಿದ್ದ.
ಅವನ ಭುಜಕ್ಕ ಏನೂ ಆಗಲಿಲ್ಲ, ಮೆಡಲ್ ಬಂತು.
ನನಗ ಒಂದು ಜೀರುಂಡಿ ಬಂತು ಕಿವಿಯೊಳಗ.
ಇಪ್ಪತ್ತೆಂಟು ವರ್ಷ ಆತು, ಇನ್ನೂ ಅದ,
ದಾಲ್ ಮಿಲ್ಲಿನ ಮುಂದ ಹಾದಾಗಷ್ಟೇ ಸುಮ್ಮನಿರ್ತದ.
ಬಲಗಿವಿ ದಿಂಬಿಗೆ ಒತ್ತಿ ಮಲಗಿದರ ಲೋಕ ಬಂದ್.
ಗುರುಬಾಯಿ ಜಗಳ ತಗೀಬೇಕಾದರ
ಮಂಚ ಸುತ್ತಿ ಈ ಕಡೆ ಬರ್ತಾಳ, ಪಾಪ.

ನಿನ್ನೆ ಶಹಾಬಾದ್ ರಸ್ತೆ ಚಾಂದಮಾರಿಯಾಗ ತಪಾಸಣಿ.
ಹಳೇ ಫರಸಿ ಖಣಿ ಅದು,
ಒಂದು ಗುಂಡು ಹೊಡದರ ಗ್ವಾಡಿ ಮೂರು ಸಲ ಎಣಸ್ತದ.
ಮೊದಲು ಕಿಂಡಿದು. ಭೀಮಬಾಯಿ ಹೊಡದಳು,
ಐವತ್ತು ಕಿಲೋ ಇಲ್ಲ ಹುಡುಗಿ, ಭುಜ ಯಾವಾಗಲೂ ನೀಲಿ.
ನಳಗಿ ಅಳ್ಳಾಡಲಿಲ್ಲ. ಬಗಲಿನ ಧೂಳೆಲ್ಲ ಎದ್ದು
ಖದೀರನ ಬಾಯಿ, ಮೂಗು, ಅಂವ ಬರೆಯಾಕ ಹಿಡಿದ ಹಾಳಿ ಮ್ಯಾಲ ಕೂತಿತು.
'ದೂಡಿದ್ದೇ ತಿಳೀಲಿಲ್ರಿ' ಅಂದಳು ಆಕಿ.
ತಿಳೀತು, ಖದೀರಗ.
ಕಿವಿಮುಚ್ಚಗಿ ಮ್ಯಾಲ ಅಂಗೈ ಒತ್ತಿ ಕೂತಿದ್ದ,
ಕಣ್ಣು ಮುಚ್ಚಿ, ಯಾರೋ ಬೈದವರಂಗ.

ಹೊಡೆತ ಎಲ್ಲಿ ಹೋಗ್ತದ? ಎಲ್ಲೂ ಹೋಗೂದಿಲ್ಲ.
ಬಗಲಿಗೆ ಹೊರಳ್ತದ, ಅಷ್ಟೇ.

ಆಮ್ಯಾಲ ಕೊಳವಿ. ಮೂತಿ ಭಾರ ಆಗಿ ಆಕಿ ಕೈ ತೂಗಿತು,
ಗುಂಡು ನಾಲ್ಕು ಬೆರಳು ಕೆಳಗ ಬಿತ್ತು, ಮತ್ತ ಗುರಿ ತಿದ್ದಿದೆ.
ಏಳನೇ ಸುತ್ತಿಗೆ ಕಾದು ಹಂಚಾಗಿ
ಅದರ ಝಳದಾಗ ಬಿಳೀ ಹಲಗಿ ನೀರಿನಂಗ ನಡುಗಿತು.
ಆದರ ಸದ್ದು! ಒಣಾ ತೊಗರಿ ಕಟಗಿ ಮುರದಷ್ಟು.
ಗಾಳಿ ಸೀಳಿದ ಚಾಟಿ ಒಂದು ಉಳೀತು ನೋಡು,
ಅದೂ ದೂರ, ಯಾರದೋ ಹೊಲದಾಗ ಅನ್ನೂವಂಗ.
ಖದೀರ ಕೈ ತಗದ. ನಕ್ಕ.
ಬಾರಿಗಂಟಿಯಾಗಿನ ಕೌಜುಗ ಹಾರಲಿಲ್ಲ.
ನನ್ನ ಜೀರುಂಡಿ ಒಂದೇ ಕೇಳಸ್ತಿತ್ತು, ಸ್ಪಷ್ಟ.
ಬರೀಬೇಕು ಅಂತ ಪೆನ್ನು ತಗದೆ.

ಅಷ್ಟರಾಗ ದಿನ್ನಿ ಮ್ಯಾಲ ಎರಡು ಕೊಂಬು.
ಆಮ್ಯಾಲ ನಾಲ್ಕು. ಆಮ್ಯಾಲ ಒಂದು ಹಸಿರು ಟವೆಲ್ಲು,
ಅದರ ಕೆಳಗ ಹುಡುಗ, ಬೆಲ್ಲ ತಿನ್ನಕೋತ,
ಗುರಿ ಹಲಗಿಯ ನೆತ್ತಿಗೆ ಬಂದು ನಿಂತ.
'ಬಂದ್! ಬಂದ್!' ಅಂತ ನಾನೇ ಒದರಿದೆ,
ನನ್ನ ದನಿ ಗ್ವಾಡಿ ಮೂರು ಸಲ ಎಣಸಿತು.
ಭೀಮಬಾಯಿ ಬೆರಳು ತಗದು ನೆಲಕ್ಕ ಊರಿದಳು,
ಬಾಳೊತ್ತನ ಎತ್ತಲಿಲ್ಲ.

'ದಿನಾ ಢಂ ಅಂದಕೂಡ್ಲೆ ಆ ಕಡೆ ಹೊಡಕೊಂಡು ಹೋಗ್ತಿದ್ದೆರಿ,'
ಅಂದ ಹುಡುಗ. 'ಇವತ್ತ ನೀವು ಸೂಟಿ ಅನ್ಕೊಂಡೆ.'
ಕೆಂಪು ಬಾವುಟ ಇತ್ತು.
ಗಾಳಿ ಇರಲಿಲ್ಲ, ಕಂಬಕ್ಕ ಅಂಟಕೊಂಡು ನಿಂತಿತ್ತು.

ರಾತ್ರಿ ಎರಡು ಸಲ ಹೊಡದು ಹಾಕಿ ಬರದೆ:
'ಕೊಳವಿ ಸೂಕ್ತ. ಅದರ ಸಂಗಡ ಸೀಟಿ ಒಂದು,
ದಿನ್ನಿ ಮ್ಯಾಲ ಬಾವುಟ ಹಿಡದು ನಿಲ್ಲಾಕ ಆಳು ಒಂದು.'
ಕಾಲಂ ತುಂಬಿ ಅಂಚಿಗೆ ಹರೀತು.

ಇವತ್ತ ಕಾಗದ ತಿರುಗಿ ಬಂದದ.
ಸೀಟಿಗೆ ಲೆಕ್ಕಶೀರ್ಷಿಕೆ ಇಲ್ಲವಂತ.
ಆಳಿನ ಮಾತು ಗುಮಾಸ್ತ ಎತ್ತೇ ಇಲ್ಲ.

ಮಾರ್ಚಿಗೆ ನಾ ರಿಟೈರು.
ಪ್ಯಾಟ್ಯಾಗ ಸೀಟಿ ಇಪ್ಪತ್ತು ರೂಪಾಯಿ.
ಎರಡು ತಗೊಂಡೀನಿ, ಒಂದು ಆ ಹುಡುಗಗ.