ಮೂರು ಸೆಂಟಿಮೀಟರ್

ಡಂಡೀಯಲ್ಲಿ ಮೂರೂವರೆಗೇ ದೀಪ ಹಚ್ಚಬೇಕು.
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಶಾಲ್ಮಲಿಯ ಲೆಕ್ಕ:
ಗೇಮಿನ ಕಂಪ್ಯೂಟರಿಗೆ ಒಂಬೈನೂರು ಪೌಂಡು.
ಪ್ರೊಸೆಸರಿಗೆ ಇಷ್ಟು, ರ‍್ಯಾಮಿಗೆ ಇಷ್ಟು,
ಬಣ್ಣ ಬದಲಿಸುವ ಫ್ಯಾನು ಹೊಡೆದುಹಾಕಿದಳು,
ಮತ್ತೆ ಬರೆದಳು ಮೂಲೆಯಲ್ಲಿ, ಸಣ್ಣಗೆ.

ಪವರ್ ಸಪ್ಲೈ ಅಗ್ಗದ್ದೇ ಸಾಕಲ್ಲ, ಅಂದೆ.
ಬಸ್ಸು ಓಡಿಸುವ ನನ್ನನ್ನೇ ಕೇಳಿದಳು:
ಬ್ರೇಕು ಅಗ್ಗದ್ದಾದರೆ ನಡೆಯುತ್ತಾ?

ಗ್ರಾಫಿಕ್ಸ್ ಕಾರ್ಡು ಮಾತ್ರ ಸೆಕೆಂಡ್ ಹ್ಯಾಂಡ್.
ಬ್ರಾಟಿ ಫೆರಿಯ ಸ್ಟ್ರುವನ್ ಟವೆಲಿನಲ್ಲಿ ಸುತ್ತಿ ಕೊಟ್ಟಿದ್ದು,
ಕೂಸು ಒಪ್ಪಿಸುವ ಹಾಗೆ.
ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದಳು.
ಮನೆಯಲ್ಲಿ ಕೂರಿಸಿ ನೋಡಿದರೆ
ಕ್ಯಾಬಿನೆಟ್ಟಿಗಿಂತ ಮೂರು ಸೆಂಟಿಮೀಟರ್ ಉದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು—
ಅಜ್ಜಿಯ ಮಾತು ತುಟಿಗೆ ಬಂದಿತ್ತು.
ಇವಳು ಆಗಲೇ ಮೆಟ್ಟಿಲ ಕೆಳಗಿನ ಕಪಾಟಿಗೆ ಕೈ ಹಾಕಿ,
ಅಪ್ಪಾ, ಗರಗಸ ಎಲ್ಲಿಟ್ಟೆ?